ನಾಲ್ಕು ಬೊಟ್ಟಿನ ಕಾರ್ಡು

ಹೊಸ ಎಣಿಕೆಯ ಅರವತ್ತೊಂದನೆಯ ವರ್ಷ,
ಬನ್ನಿ ತಿಂಗಳ ಮೂವತ್ತೆಂಟನೆಯ ದಿನ,
ಬೆಟಗೇರಿ

ಹುಬ್ಬಳ್ಳಿಯಿಂದ ಗದಗಿಗೆ ಹೊರಟ ಬಸ್ಸಿನಲ್ಲಿ, ತಂಗಿಯ ಪಕ್ಕದಲ್ಲಿ ಕೂತಿರುವ ಚನ್ನವೀರ ಮುತ್ಯಾ ಅವರಿಗೆ,

ಮೇಲಿನ ತಾರೀಖು ನೋಡಿ ಯಾರೋ ತಲೆಕೆಟ್ಟವರು ಬರೆದ ಕಾಗದ ಎಂದು ಹರಿದು ಎಸೆಯಬೇಡಿ. ನಮಗೀಗ ವರ್ಷಕ್ಕೆ ಒಂಬತ್ತೇ ತಿಂಗಳು, ತಿಂಗಳಿಗೆ ನಲವತ್ತು ದಿನ. ಉಳಿಯುವ ಐದು ದಿನಗಳಿಗೆ ಹೆಸರಿಲ್ಲ, ಆ ದಿನಗಳಲ್ಲಿ ಯಾರೂ ಕೆಲಸ ಮಾಡುವುದಿಲ್ಲ. ನಿಮ್ಮ ಲೆಕ್ಕದಲ್ಲಿ ಇದು 2173. ಮಳೆ ತನ್ನ ಹಳೆಯ ತಿಂಗಳುಗಳಿಗೆ ಬರುವುದನ್ನು ಬಿಟ್ಟ ಮೇಲೆ ಹಿರಿಯರು ಕೂತು ವರ್ಷವನ್ನೇ ಹೊಸದಾಗಿ ಕತ್ತರಿಸಿದರು. ನನ್ನ ಕೆಲವು ಮಾತುಗಳೂ ನಿಮಗೆ ವಿಚಿತ್ರ ಅನ್ನಿಸಬಹುದು, ಕ್ಷಮಿಸಿ. ಆದಷ್ಟು ನಿಮ್ಮ ಕಾಲದ ಕನ್ನಡದಲ್ಲೇ ಬರೆಯಲು ಪ್ರಯತ್ನಿಸುತ್ತೇನೆ. ಲೀಲವ್ವನ ನೋಟುಬುಕ್ಕು ಓದಿ ಓದಿ ಅದು ನನಗೆ ತಕ್ಕಮಟ್ಟಿಗೆ ರೂಢಿಯಾಗಿದೆ.

ಲೀಲವ್ವ ಎಂದರೆ ನಿಮ್ಮ ತಂಗಿ ಶಿವಲೀಲಾ. ನಾನು ಮುಕ್ತವ್ವ, ಅವಳಿಂದ ಎಣಿಸಿದರೆ ಐದನೆಯವಳು. ಅವಳ ಮಗಳ ಮಗಳ ಮಗಳ ಮಗಳು. ನನಗೆ ನಲವತ್ತೆಂಟು ವರ್ಷ, ಚಿಗರಿ ಎಂಬ ಹದಿನೇಳರ ಮಗಳಿದ್ದಾಳೆ. ಇಂಥ ಪತ್ರಕ್ಕೆ ನಮ್ಮಲ್ಲಿ ಹಿಂದೋಲೆ ಎನ್ನುತ್ತಾರೆ. ಮನೆಯಲ್ಲಿ ದೊಡ್ಡ ತೀರ್ಮಾನವೊಂದು ಆಗುವ ಮೊದಲು ಹಿಂದಿನವರಲ್ಲಿ ಒಬ್ಬರಿಗೆ ಕಾಗದ ಬರೆದು, ಲಕ್ಕುಂಡಿಯ ಬತ್ತಿದ ಮೆಟ್ಟಿಲು ಬಾವಿಗೆ ಇಳಿದು, ಕೊನೆಯ ಮೆಟ್ಟಿಲ ಮೇಲೆ ಇಟ್ಟು ಬರುವುದು ಪದ್ಧತಿ. ಅದು ತಲುಪುತ್ತದೆ ಎನ್ನುವವರೂ ಇದ್ದಾರೆ, ಗೆದ್ದಲು ತಿನ್ನುತ್ತದೆ ಎನ್ನುವವರೂ ಇದ್ದಾರೆ. ಒಂದು ಹಿಂದೋಲೆಯಲ್ಲಿ ಒಂದೇ ಬೇಡಿಕೆ ಇರಬೇಕು, ಅಷ್ಟೇ ನಿಯಮ. ನನ್ನ ಬೇಡಿಕೆ ಕೊನೆಯಲ್ಲಿದೆ. ಮೊದಲು ನಿಮ್ಮ ಮೇಲಿನ ಸಿಟ್ಟು ಬರೆಯುತ್ತೇನೆ.

ನಿಮ್ಮ ಹೆಸರನ್ನು ನಾನು ಚಿಕ್ಕಂದಿನಿಂದ ಕೈಮುಗಿದು ಹೇಳುತ್ತಾ ಬಂದವಳು. ನಮ್ಮ ಮನೆಯ ನಡುಕೋಣೆಯಲ್ಲಿ ಲೀಲವ್ವನ ಕಂಪ್ಯೂಟರ್ ಇದೆ. ತಗಡಿನ ಕಪ್ಪು ಕ್ಯಾಬಿನೆಟ್ಟು, ಮುಂಬದಿಯಲ್ಲಿ ಬಣ್ಣದ ದೀಪದ ಮೂರು ಫ್ಯಾನು, ಬಲಬದಿಯ ತಗಡು ಮುಚ್ಚುವಲ್ಲಿ ಸ್ಕ್ರೂ ಮೇಲೆ ಅಂಟಿಸಿದ ಒಂದು ಸ್ಟಿಕ್ಕರು. ನಮ್ಮ ಕಾಲದಲ್ಲಿ ಮನೆಗೊಂದು ಕಂಪ್ಯೂಟರ್ ಎಂಬುದಿಲ್ಲ. ಕಲಿತಗೋಡೆ ಇರುತ್ತದೆ. ಅದು ಮಾತಾಡಿದರೆ ಉತ್ತರಿಸುವ ಗೋಡೆ, ಊರಿನದು, ಅದರೊಳಗೆ ಏನಿದೆ ಎಂದು ಯಾರಿಗೂ ಗೊತ್ತಿಲ್ಲ, ಬಿಚ್ಚುವಂತೆಯೂ ಇಲ್ಲ. ಹಾಗಾಗಿ ಸ್ವಂತ ಕೈಯಿಂದ ಬಿಚ್ಚಿ, ಹಳೆಯದನ್ನು ತೆಗೆದು, ಹೊಸದನ್ನು ಕೂಡಿಸಬಹುದಾದ ಒಂದು ಯಂತ್ರ ಮನೆಯಲ್ಲಿದೆ ಎಂದರೆ ನಮಗೆ ದೊಡ್ಡ ಹೆಮ್ಮೆ. ಪ್ರತಿ ದಸರೆಯಲ್ಲಿ ಆಯುಧಗಳಿಗೆ ಮಾಡುವ ಖಂಡೇಪೂಜೆಗೆ ಅದರ ಎದುರು ಕೂತು ನಮ್ಮವ್ವ ಕಥೆ ಹೇಳುತ್ತಿದ್ದಳು. ತಂಗಿಯ ಆಟಕ್ಕೆ ಈ ಹಳೆಯ ಪೆಟ್ಟಿಗೆ ಸಾಲದು ಎಂದು ಅಣ್ಣ ಚನ್ನವೀರ ತನ್ನ ಕೈಯಾರೆ ಅದರ ಹೊಟ್ಟೆ ತೆರೆದು ಹೊಸ ಅಂಗಗಳನ್ನು, ಆಟದ ಚಿತ್ರ ಓಡಿಸುವ ಹೊಸ ಗ್ರಾಫಿಕ್ಸ್ ಕಾರ್ಡನ್ನೂ, ಹಾಕಿಕೊಟ್ಟ, ಅಂಥ ಅಣ್ಣ ಯಾರಿಗೂ ಸಿಗುವುದಿಲ್ಲ ಎಂದು. ಕಥೆ ಮುಗಿದ ಮೇಲೆ ಆ ಸ್ಟಿಕ್ಕರಿಗೆ ಕುಂಕುಮ ಹಚ್ಚುತ್ತಿದ್ದೆವು. ನೂರೈವತ್ತು ವರ್ಷಗಳ ಕುಂಕುಮ ಅಲ್ಲಿ ರೊಟ್ಟಿಯ ದಪ್ಪಕ್ಕೆ ಕೂತಿತ್ತು.

ಕಥೆಗೆ ಇನ್ನೊಂದು ಅರ್ಧವಿತ್ತು. ಅಷ್ಟೆಲ್ಲ ಮಾಡಿಕೊಟ್ಟರೂ, ತಮ್ಮ ತಮ್ಮ ಕಂಪ್ಯೂಟರ್ ಒಯ್ದು ಆಡುವ ಹುಬ್ಬಳ್ಳಿಯ ಪಂದ್ಯದಲ್ಲಿ ಲೀಲವ್ವ ಮೊದಲ ಸುತ್ತಿಗೇ ಸೋತಳು, ಅದೇ ಪಂದ್ಯದಲ್ಲಿ ನೀವು ಗೆದ್ದಿರಿ. ತಿರುಗಿ ಬರುವಾಗ ಬಸ್ಸಿನಲ್ಲಿ ಅವಳು ಕೇಳಿದಳು, "ಅಣ್ಣಾ, ಹೊಸಾ ಕಾರ್ಡ್ ಹಾಕಿದ್ರೂ ಯಾಕ ಹಿಂಗಾತು?" ನೀವು ಹೇಳಿದಿರಿ, "ನಿನ್ನ ಕೈ ನಿಧಾನ ಐತಿ ಲೀಲಾ. ಏನ್ ಮಾಡಾಕ ಬರ್ತೈತಿ, ಹುಟ್ಟಿದ್ದ ಹಂಗ."

ಗೆದ್ದವನ ಮಾತು, ಅದರಲ್ಲೂ ಅಣ್ಣನ ಮಾತು. ಅವಳು ನಂಬಿದಳು. ಕಂಪ್ಯೂಟರಿನ ಮೇಲೆ ಬಟ್ಟೆ ಹೊದಿಸಿದಳು, ಮತ್ತೆ ಕೂರಲಿಲ್ಲ. ಮಗಳು ಸೈಕಲ್ ಕಲಿಯಲು ಹೋದಾಗ ನಮ್ಮ ಕೈ ನಿಧಾನ ಎಂದಳು. ಆ ಮಗಳು ತನ್ನ ಮಗಳಿಗೆ ಹೇಳಿದಳು. ನಮ್ಮ ಕಾಲಕ್ಕೆ ಬರುವಷ್ಟರಲ್ಲಿ ಅದು ಬರೀ ಮಾತಾಗಿ ಉಳಿದಿರಲಿಲ್ಲ. ಇಲ್ಲಿ ಹದಿನೇಳು ತುಂಬಿದ ಮಕ್ಕಳಿಗೆ ಕೈಮಾತು ಎಂಬ ಶಾಸ್ತ್ರವಿದೆ. ಓಣಿಯವರೆಲ್ಲ ಸೇರಿದಾಗ ತಾಯಿ ಎದ್ದು ನಿಂತು ತನ್ನ ಮಗುವಿನದು ಚುರುಕುಗೈಯೋ ನಿಧಾನಗೈಯೋ ಎಂದು ಹೇಳಬೇಕು. ಯಾರೂ ಅಳೆದು ನೋಡುವುದಿಲ್ಲ, ಮನೆಯವರ ಮಾತೇ ಕೊನೆ. ಚುರುಕುಗೈಯವರು ದೂರಗೈ ಕೆಲಸಕ್ಕೆ ಹೋಗುತ್ತಾರೆ. ಕಪ್ಪತಗುಡ್ಡದ ಗಾಳಿಗಿರಣಿಗಳ ತುದಿಯಲ್ಲಿ ಉಕ್ಕಿನ ಕೈಗಳಿರುತ್ತವೆ, ಅವನ್ನು ಕೆಳಗೆ ನೆರಳಿನಲ್ಲಿ ಕೂತು ಆಡಿಸಿ ದುರಸ್ತಿ ಮಾಡುವ ಕೆಲಸ ಅದು. ಊರಿನ ದೀಪ, ನೀರು, ಅಡುಗೆ ಎಲ್ಲ ನಡೆಯುವುದು ಅವರಿಂದ. ನಿಧಾನಗೈಯವರಿಗೆ ಬೀಜ ಆರಿಸುವುದು, ನೂಲು ಸುತ್ತುವುದು. ಕೀಳು ಕೆಲಸವೇನಲ್ಲ, ಆದರೆ ಬೇರೆ ಯಾವುದೂ ಇಲ್ಲ. ನಮ್ಮವ್ವ ಬೀಜ ಆರಿಸಿದಳು, ಅವಳ ಅವ್ವ ಬೀಜ ಆರಿಸಿದಳು, ನಾನು ಮೂವತ್ತೊಂದು ವರ್ಷದಿಂದ ಜೋಳದ ಬೀಜ ಆರಿಸುತ್ತಿದ್ದೇನೆ. ನಿಧಾನಗೈ ಮನೆಯಲ್ಲಿ ಹುಟ್ಟಿದ ಮಗುವಿಗೆ ಓಡುವ ಜಿಂಕೆಯ ಹೆಸರು, ಚಿಗರಿ ಎಂದು, ಇಟ್ಟಾಗ ಓಣಿಯವರು ಬಾಯಿಗೆ ಸೆರಗು ಹಿಡಿದು ನಕ್ಕಿದ್ದರು. ಅವಳ ಕೈಮಾತು ನಾಡಿದ್ದು, ಈ ತಿಂಗಳ ಕೊನೆಯ ದಿನ.

ಪೆಟ್ಟಿಗೆ ತೆರೆಯುವ ಹಟ ಹಿಡಿದವಳು ಅವಳೇ. ನರಗುಂದದ ಹತ್ತಿರ ಹಳೆಯಾಟದ ಬಯಲು ಎಂಬ ಕೂಟ ನಡೆಯುತ್ತದೆ. ನಿಮ್ಮ ಕಾಲದ ಯಂತ್ರಗಳನ್ನು ಜೀವ ಹಿಡಿಸಿ ತಂದು, ನಿಮ್ಮ ಕಾಲದ ಆಟಗಳನ್ನು ಆಡುವವರ ಗುಂಪು. ಚಿಗರಿಗೆ ಲೀಲವ್ವನ ಕಂಪ್ಯೂಟರ್ ಅಲ್ಲಿಗೆ ಒಯ್ಯಬೇಕಿತ್ತು. ಆದರೆ ಅದು ಎಷ್ಟೋ ಕಾಲದಿಂದ ಸತ್ತು ಕೂತಿದ್ದ ಪೆಟ್ಟಿಗೆ. ಬೆಟಗೇರಿಯಲ್ಲೇ ಬಿಚ್ಚುಮನೆ ಇದೆ, ಹಳೆಯ ಯಂತ್ರಗಳನ್ನು ಬಿಚ್ಚಿ ಬಿಡಿಭಾಗ ಬೇರ್ಪಡಿಸಿ ಇಡುವ ಮನೆ. ಅಲ್ಲಿ ಆರು ತಿಂಗಳು ಕಸ ಗುಡಿಸಿ ಅವಳು ನಾಲ್ಕು ಸಾಮಾನು ಸಂಪಾದಿಸಿಕೊಂಡು ಬಂದಳು. ಕರೆಂಟು ಹಂಚುವ ಹೊಸ ಪವರ್ ಸಪ್ಲೈ, ಎರಡು ರ‍್ಯಾಮ್ ಪಟ್ಟಿ, ಸತ್ತುಹೋದದ್ದರ ಬದಲಿಗೆ ಎಲ್ಲ ತುಂಬಿಡುವ ಇನ್ನೊಂದು ಎಸ್‌ಎಸ್‌ಡಿ, ಮತ್ತು ನಿಮ್ಮ ಕಾಲಕ್ಕಿಂತ ಹತ್ತು ವರ್ಷ ಈಚಿನ ಒಂದು ಗ್ರಾಫಿಕ್ಸ್ ಕಾರ್ಡು. ಸ್ಟಿಕ್ಕರು ಕೀಳುವುದು ಬೇಡ ಎಂದು ನಾನು ಎರಡು ದಿನ ಊಟ ಬಿಟ್ಟೆ. ಮೂರನೆಯ ದಿನ ಅವಳೂ ಬಿಟ್ಟಳು. ಆಮೇಲೆ ಸ್ಕ್ರೂಡ್ರೈವರ್ ತಂದುಕೊಟ್ಟವಳು ನಾನೇ.

ಒಳಗೆ ಧೂಳು ಕಡಿಮೆಯೇ ಇತ್ತು. ಮುಂದಿನ ಫ್ಯಾನಿನ ಹಿಂದೆ ಒಂದು ಎಲೆ ಸಿಕ್ಕಿತು. ಎಲೆ ಎಂದರೆ ಬರೀ ನರಗಳು. ಅದನ್ನು ಕಂಡು ನಾನು ಹಿಗ್ಗಿದೆ, ಏಕೆಂದರೆ ಅದರ ಕಥೆ ಲೀಲವ್ವ ಬರೆದಿಟ್ಟಿದ್ದಾಳೆ. ಹೊಸ ಕಾರ್ಡು ಹಾಕಿದ ವರ್ಷ, ದಸರೆಯ ದಿನ ನೀವು ಅವಳ ಕೈಗೆ ಬನ್ನಿ ಕೊಟ್ಟು "ಬನ್ನಿ ತಗೊಂಡು ಬಂಗಾರದಂಗ ಇರೂಣು" ಎಂದಿದ್ದಿರಿ. ಎಲ್ಲರೂ ಬನ್ನಿಯನ್ನು ದೇವರ ಜಗಲಿಯ ಮೇಲೆ ಇಡುತ್ತಾರೆ. ಅವಳು ಅಣ್ಣ ಕೊಟ್ಟ ಎಲೆಯನ್ನು ಅಣ್ಣ ಹಸನು ಮಾಡಿಕೊಟ್ಟ ಪೆಟ್ಟಿಗೆಯೊಳಗೆ ಜಾಲರಿಯ ಸಂದಿಯಿಂದ ತೂರಿಸಿದ್ದಳು.

ಆಗ ಚಿಗರಿ ಕಾರ್ಡು ಕಳಚಿ ಹೊರಳಿಸಿ, "ಯವ್ವಾ, ಇದರ ಬೆನ್ನ ಮ್ಯಾಲ ನಾಕ್ ಬೊಟ್ಟು ಅದಾವಲ್ಲ" ಎಂದಳು.

ನಿಮಗೆ ಗೊತ್ತಿದೆಯಲ್ಲ, ನಿಮ್ಮ ತಂಗಿ ಖಂಡೇಪೂಜೆಯನ್ನು ಹೇಗೆ ಮಾಡುತ್ತಿದ್ದಳೆಂದು. ಎಲ್ಲರೂ ಕಂಪ್ಯೂಟರಿನ ಹೊರಗೆ ವಿಭೂತಿ ಎಳೆದು ಹೂ ಏರಿಸಿ ಮುಗಿಸಿದರೆ, ಅವಳು ತಗಡು ಬಿಚ್ಚಿ, ಬಣ್ಣ ಬಳಿಯುವ ಕುಂಚದಿಂದ ಧೂಳು ಹೊಡೆದು, ಕುಂಕುಮಕ್ಕೆ ಒಂದು ಹನಿ ಎಣ್ಣೆ ಕಲಸಿ ಗ್ರಾಫಿಕ್ಸ್ ಕಾರ್ಡಿನ ಬೆನ್ನ ತಗಡಿಗೆ ಒಂದು ಬೊಟ್ಟು ಇಡುತ್ತಿದ್ದಳು. ಆಟದಲ್ಲಿ ಬೆವರು ಸುರಿಸುವುದು ಅದೇ ಅಲ್ಲವೇ, ಪೂಜೆಯೂ ಅದಕ್ಕೇ ಸಲ್ಲಬೇಕು ಎಂಬುದು ಅವಳ ವಾದ. ವರ್ಷಕ್ಕೊಂದು ಬೊಟ್ಟು. ನೋಟುಬುಕ್ಕಿನಲ್ಲಿ ಬರೆದಿದ್ದಾಳೆ, ಒಂದನೆಯದು, ಎರಡನೆಯದು, ಮೂರನೆಯದು, ನಾಲ್ಕನೆಯದು. ಐದನೆಯ ವರ್ಷ ಸೋದರಮಾವ ಅವಳು ಪಾಲಿಟೆಕ್ನಿಕ್ ಪಾಸಾದ ಖುಷಿಗೆ ಹೊಸ ಕಾರ್ಡು ತಂದುಕೊಟ್ಟ. ಹಬ್ಬಕ್ಕೆ ನಾಲ್ಕು ದಿನ ಮೊದಲು ನೀವು ಅದನ್ನು ಕೂಡಿಸಿ, ಸ್ಕ್ರೂ ಮೇಲೆ ಸ್ಟಿಕ್ಕರು ಅಂಟಿಸಿದಿರಿ. "ಬಿಚ್ಚಬ್ಯಾಡ ಮತ್ತ, ವಾರಂಟಿ ಹೋಗತೈತಿ" ಎಂದಿರಿ. ಅವಳು ಬರೆದಿದ್ದಾಳೆ: ಈ ವರ್ಷ ಒಳಗ ಬೊಟ್ಟು ಇಡಾಕ ಆಗಲಿಲ್ಲ, ಹೊರಗಿಂದನ ಸ್ಟಿಕ್ಕರಿಗೆ ಹಚ್ಚಿದೆ.

ಹಾಗಿದ್ದರೆ ಹೊಸ ಕಾರ್ಡಿನ ಬೆನ್ನು ಬೋಳಾಗಿರಬೇಕಿತ್ತು.

ಎಲ್ಲವನ್ನೂ ಜೋಪಾನವಾಗಿ ಮಾಡಿದ ನೀವು ಅದೊಂದನ್ನು ಒರೆಸಲು ಮರೆತಿರಿ. ನಾನು ಆಗಲೂ ನಿಮ್ಮ ಪರವಾಗಿಯೇ ವಾದಿಸಿದೆ. ಹೊಸ ಕಾರ್ಡು ಕೆಟ್ಟು ಹಳೆಯದನ್ನು ಮತ್ತೆ ಹಾಕಿರಬಹುದು, ಪಾಪ, ಹೇಳಲು ಸಂಕೋಚವಾಗಿರಬಹುದು ಎಂದೆ. ಚಿಗರಿ ಎದ್ದು ಅಟ್ಟದಿಂದ ರಟ್ಟಿನ ಡಬ್ಬಿ ಇಳಿಸಿದಳು. ಮಾವ ತಂದ ಕಾರ್ಡಿನ ಖಾಲಿ ಡಬ್ಬಿ. ನಮ್ಮ ಮನೆಯವರು ಡಬ್ಬಿ ಎಸೆದವರಲ್ಲ. ಅದರ ಬದಿಯಲ್ಲಿ ಕಾರ್ಡಿನ ನಂಬರು, ಒಂದಕ್ಕಿದ್ದದ್ದು ಇನ್ನೊಂದಕ್ಕೆ ಇರದ ನಂಬರು, ಅಚ್ಚಾಗಿದೆ. ಅದನ್ನು ಅಂಗೈ ಮೇಲೆ ಬರೆದುಕೊಂಡು ನಾವಿಬ್ಬರೂ ಹುಬ್ಬಳ್ಳಿಯ ನಿಮ್ಮ ಮನೆಗೆ ಹೋದೆವು. ಅಲ್ಲಿ ನಿಮ್ಮ ಕುಡಿ ಮಹಾಂತಯ್ಯ ಇದ್ದಾನೆ, ಒಳ್ಳೆಯ ಮನುಷ್ಯ, ದೂರಗೈ ಕೆಲಸದವರ ಮುಖ್ಯಸ್ಥ. ನೀವು ಪಂದ್ಯ ಗೆದ್ದಾಗ ನಿಮ್ಮ ಕಂಪ್ಯೂಟರಿನಲ್ಲಿದ್ದ ಕಾರ್ಡನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಬಂದವರಿಗೆಲ್ಲ ತೋರಿಸುತ್ತಾರೆ. ನಮಗೂ ತೋರಿಸಿದ, ಕೈಯಲ್ಲೇ ಕೊಟ್ಟ. ಚಿಗರಿ ಕಾರ್ಡಿನ ಮೇಲಿನ ನಂಬರಿನ ಪಕ್ಕಕ್ಕೆ ಅಂಗೈ ಹಿಡಿದಳು. ಹನ್ನೆರಡು ಅಂಕಿ, ಹನ್ನೆರಡೂ ಅವೇ.

ಇಲ್ಲಿಂದ ಮುಂದೆ ನಿಮ್ಮನ್ನು ನೀನು ಎನ್ನುತ್ತೇನೆ. ಈ ಕಾಗದ ತಲುಪುವಾಗ ನಿನಗೆ ಇಪ್ಪತ್ತನಾಲ್ಕು, ನನಗೆ ನಲವತ್ತೆಂಟು. ನನ್ನ ಮಗನ ವಯಸ್ಸಿನವನಿಗೆ ಎಷ್ಟಂತ ಮರ್ಯಾದೆ ಕೊಡಲಿ.

ನೀನು ಆ ಪೆಟ್ಟಿಗೆಗೆ ಏನೂ ಹಾಕಲಿಲ್ಲ ಎಂದಿದ್ದರೂ ನಾನು ತಡೆದುಕೊಳ್ಳುತ್ತಿದ್ದೆ. ನೀನು ರ‍್ಯಾಮ್ ಹಾಕಿದೆ, ಎಸ್‌ಎಸ್‌ಡಿ ಹಾಕಿದೆ, ದೀಪದ ಫ್ಯಾನು ಹಾಕಿದೆ. ಮೊದಲು ಗುಂಡಿ ಒತ್ತಿದರೆ ಚಹಾ ಕುದಿಯುವಷ್ಟು ಹೊತ್ತು ಹಿಡಿಯುತ್ತಿದ್ದದ್ದು ಕಣ್ಣು ಮಿಟುಕಿಸುವಷ್ಟರಲ್ಲಿ ಎದ್ದಿತು. ಬೇಗ ಏಳುವುದಕ್ಕೂ ಆಟದ ಚಿತ್ರ ಬೇಗ ಓಡುವುದಕ್ಕೂ ಸಂಬಂಧವಿಲ್ಲ, ಅದು ಕಾರ್ಡಿನ ಕೆಲಸ ಎಂದು ನಿನಗೆ ಚೆನ್ನಾಗಿ ಗೊತ್ತಿತ್ತು. ಅವಳು ಮಾತ್ರ ಖುಷಿಯಲ್ಲಿ ಪೆಟ್ಟಿಗೆಯೇ ಹೊಸದಾಯಿತು ಅಂದುಕೊಂಡಳು. ಪರದೆಯ ಮೇಲೆ ಎಲ್ಲೋ ಒಂದು ಕಡೆ ಒಳಗಿರುವ ಕಾರ್ಡಿನ ಹೆಸರು ನೋಡಬಹುದಂತೆ, ಬಿಚ್ಚುಮನೆಯವರು ತೋರಿಸಿದರು. ಅವಳಿಗೂ ಅದು ಗೊತ್ತಿದ್ದೀತು. ಅವಳು ನೋಡಲಿಲ್ಲ. ಅಣ್ಣ ಕೂಡಿಸಿಕೊಟ್ಟದ್ದನ್ನು ತಂಗಿ ಪರೀಕ್ಷೆ ಮಾಡಿ ನೋಡಿದರೆ ಅಣ್ಣನಿಗೆ ಏನನ್ನಿಸೀತು ಎಂದು ಯೋಚಿಸುವವಳು ಅವಳು.

ನನ್ನ ಹೊಟ್ಟೆ ಉರಿಯುವುದು ಇಲ್ಲಿ. ನಾಲ್ಕು ಬೊಟ್ಟಿನ ಆ ಹಳೆಯ ಕಾರ್ಡಿನ ಮೇಲೆಯೇ ಅವಳು ಗದಗಿನ ಆಯ್ಕೆಯ ಸುತ್ತನ್ನು ಗೆದ್ದಿದ್ದಳು. ಚಿತ್ರದ ಸೆಟ್ಟಿಂಗುಗಳನ್ನೆಲ್ಲ ತೀರಾ ಕೆಳಗಿಳಿಸಿ, ನೆರಳು ತೆಗೆದು, ಹುಲ್ಲು ತೆಗೆದು, ಗೋಡೆಗಳನ್ನು ಬರೀ ಬಣ್ಣವಾಗಿಸಿ, ಕಾರ್ಡಿನ ಭಾರ ಇಳಿಸಿ ಗೆದ್ದಿದ್ದಳು. ಅದನ್ನೂ ಬರೆದಿಟ್ಟಿದ್ದಾಳೆ. ಹುಬ್ಬಳ್ಳಿಗೆ ಹೋಗುವ ಮುಂಚಿನ ಪುಟದಲ್ಲಿ ಎರಡೇ ಪದಗಳಿವೆ: ಎಲ್ಲಾ ಹೈ. ಹೊಸ ಕಾರ್ಡು ಇದೆಯಲ್ಲ ಎಂದು ಎಲ್ಲ ಸೆಟ್ಟಿಂಗನ್ನೂ ಏರಿಸಿದಳು. ಪಂದ್ಯದ ದಿನ ಅವಳ ಬೆರಳು ಒತ್ತಿದ ಮೇಲೆ ಚಿತ್ರ ಕುಂಟುತ್ತಾ ಬಂತು, ಅಷ್ಟರಲ್ಲಿ ಎದುರಿನವನು ಹೊಡೆದಿದ್ದ. ನೀನು ಕಾರ್ಡನ್ನು ಬಹಿರಂಗವಾಗಿ ಕಿತ್ತುಕೊಂಡಿದ್ದರೆ, ನನಗೇ ಬೇಕು ಹೋಗು ಎಂದಿದ್ದರೆ, ಅವಳು ಒಂದು ದಿನ ಅತ್ತು, ಹಳೆಯ ಸೆಟ್ಟಿಂಗಿನಲ್ಲೇ ಆಡಿ ನಿನ್ನವರೆಗೂ ಬಂದಿರುತ್ತಿದ್ದಳು. ನಿನ್ನನ್ನು ನಂಬಿದ್ದಕ್ಕೆ ಸೋತಳು. ಆಮೇಲೆ ನೀನು ಅವಳ ಕೈಯನ್ನು ದೂರಿದೆ.

ಗಾಜಿನ ಪೆಟ್ಟಿಗೆಯ ಮುಂದೆ ನಿಂತಾಗ ಮಹಾಂತಯ್ಯ ಇನ್ನೊಂದು ಮಾತು ಹೇಳಿದ. ಅವರ ಮನೆಯಲ್ಲಿ ಹಬ್ಬಕ್ಕೆ ಕತ್ತರಿಯಿಂದ ಹಿಡಿದು ಒಲೆಯವರೆಗೆ ಎಲ್ಲಕ್ಕೂ ಕುಂಕುಮ ಇಡುತ್ತಾರಂತೆ, ಈ ಕಾರ್ಡೊಂದಕ್ಕೆ ಬಿಟ್ಟು. "ಮುತ್ಯಾ ಬಿಡತಿದ್ದಿಲ್ಲಂತರಿ. ಯಾರರ ಕುಂಕುಮದ ಬಟ್ಟಲಾ ತಂದ್ರ ಎದ್ದು ಹೊರಗ ಹೋಗತಿದ್ರಂತ" ಎಂದ. ಯಾಕೆಂದು ಅವರಿಗೆ ಗೊತ್ತಿಲ್ಲ, ಪದ್ಧತಿಯಾಗಿ ನಡೆಸಿಕೊಂಡು ಬಂದಿದ್ದಾರೆ. ಇದನ್ನು ಕೇಳಿ ನಿನ್ನ ಮೇಲೆ ಮರುಕ ಬರಬೇಕಿತ್ತೇನೋ. ನನಗೆ ಬರಲಿಲ್ಲ. ನಿನಗೆ ಮರೆತಿರಲಿಲ್ಲ ಎಂದಾಯಿತು. ಅರವತ್ತು ವರ್ಷ ನೆನಪಿಟ್ಟುಕೊಂಡಿದ್ದೆ, ಅರವತ್ತು ವರ್ಷ ತಂಗಿ ಹಬ್ಬಕ್ಕೆ ಬಂದು ನಿನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿದಳು, ಒಂದು ದಿನವೂ ಬಾಯಿ ಬಿಡಲಿಲ್ಲ.

ಮೊನ್ನೆ ಕಾರ್ಡು ಬದಲಿಸಿ, ನಾಲ್ಕು ದಿನದ ಗಾಳಿಪಾಲು, ಅಂದರೆ ನಮ್ಮ ಮನೆಗೆ ಬರುವ ಕರೆಂಟಿನ ಹಂಚಿಕೆ, ಅದನ್ನು ಕೂಡಿಟ್ಟುಕೊಂಡು ಪೆಟ್ಟಿಗೆ ಹೊತ್ತಿಸಿದೆವು. ಬೆಳಗಿನ ರೊಟ್ಟಿ ಬಡಿಯುವುದನ್ನು ಬಿಟ್ಟು ಓಣಿಯ ಹೆಂಗಸರು ನಿಂತು ನೋಡಿದರು. ಲೀಲವ್ವ ಆಡಿದ ಅದೇ ಆಟ. ಚಿಗರಿಯ ಬೆರಳುಗಳನ್ನು ನನ್ನ ಕಣ್ಣಿಗೆ ಹಿಂಬಾಲಿಸಲಾಗಲಿಲ್ಲ. ಆಮೇಲೆ ಅವಳು ನನ್ನನ್ನು ಕೂರಿಸಿದಳು. ಮೊದಲು ಹೆದರಿಕೆಯಾಯಿತು. ಮೂರನೆಯ ಆಟಕ್ಕೆ ಹೆದರಿಕೆ ಹೋಯಿತು. ಒತ್ತಿದ ಕೂಡಲೇ ಚಿತ್ರ ಬರುತ್ತಿತ್ತು, ಬಂದ ಕೂಡಲೇ ನನ್ನ ಕೈ ಹೋಗುತ್ತಿತ್ತು. ಪಕ್ಕದ ಮನೆಯ ದೂರಗೈ ಕೆಲಸದವಳನ್ನು ಎರಡು ಸಲ ಸೋಲಿಸಿದೆ. ನಂತರ ಹಿತ್ತಲಿಗೆ ಹೋಗಿ ಒಬ್ಬಳೇ ಅತ್ತೆ. ಮೂವತ್ತೊಂದು ವರ್ಷ ಬೀಜ ಆರಿಸಿದ ಕೈ ಇದು. ನಮ್ಮವ್ವನದು ನಲವತ್ತು. ಅವಳು ಸಾಯುವಾಗ ನನ್ನ ಕೈ ಹಿಡಿದು, ನಿನಗೂ ಇದನ್ನೇ ಕೊಟ್ಟೆನಲ್ಲ ಎಂದು ಮರುಗಿದ್ದಳು.

ಈಗ ಬೇಡಿಕೆ. ಪಂದ್ಯಕ್ಕೆ ಮೊದಲೇ ಕಾರ್ಡು ತಿರುಗಿ ಹಾಕು ಎಂದು ಕೇಳಬಹುದಿತ್ತು. ಆ ಸಿಟ್ಟಿನಲ್ಲೇ ಒಂದು ಹಾಳೆ ಬರೆದು ಹರಿದೆ. ಅವಳು ಗೆದ್ದು ಬೇರೆ ಊರು ಸೇರಿ ಬೇರೆಯವನನ್ನು ಮದುವೆಯಾದರೆ ನನ್ನ ಚಿಗರಿ ಇರುವುದಿಲ್ಲ. ಅಷ್ಟು ದೊಡ್ಡ ಮನಸ್ಸು ನನಗಿಲ್ಲ. ಅದಕ್ಕೇ ಈ ಕಾಗದವನ್ನು ಪಂದ್ಯ ಮುಗಿದ ಮೇಲಿನ ಬಸ್ಸಿಗೆ ಕಳಿಸುತ್ತಿದ್ದೇನೆ. ಇದರಿಂದಲೂ ಏನಾದರೂ ಆಚೀಚೆ ಆಗಿ ನಾವು ಹುಟ್ಟದೇ ಹೋಗಬಹುದು ಎಂದು ಚಿಗರಿಗೆ ಹೇಳಿದೆ. ಅವಳು, "ಆಗಲಿ ಬಿಡವ್ವಾ, ಬರಿ" ಎಂದಳು.

ನಾಡಿದ್ದು ಓಣಿಯ ಮುಂದೆ ನಾನು ಎದ್ದು ನಿಂತು ನನ್ನ ಮಗಳದು ಚುರುಕುಗೈ ಎನ್ನುತ್ತೇನೆ. ಅದಕ್ಕೆ ನಿನ್ನ ಅಪ್ಪಣೆ ಬೇಕಿಲ್ಲ. ನಿನ್ನಿಂದ ನಾನು ಬೇಡುವುದು ಲೀಲವ್ವನಿಗಾಗಿ. ನಿಜ ಹೇಳು ಎಂದು ನಾನು ಕೇಳುತ್ತಿಲ್ಲ, ಅರವತ್ತು ವರ್ಷದಲ್ಲಿ ಆಗದ್ದು ಒಂದು ಬಸ್ಸಿನಲ್ಲಿ ನಿನ್ನಿಂದ ಆಗದು. ನಿನ್ನ ಬಸ್ಸು ಅಣ್ಣಿಗೇರಿ ಊರನ್ನು ಇನ್ನೂ ಮುಟ್ಟಿಲ್ಲ. ನಿನ್ನ ಟ್ರೋಫಿ ಕಾಲ ಬುಡದಲ್ಲಿದೆ, ಅವಳ ಪೆಟ್ಟಿಗೆ ಹಿಂದಿನ ಸೀಟಿನಲ್ಲಿದೆ, ಅದರೊಳಗೆ ನೀನು ಕೊಟ್ಟ ಬನ್ನಿ ಇನ್ನೂ ಹಸಿರಾಗಿದೆ. ಅವಳು ಕಿಟಕಿ ಕಡೆ ನೋಡುತ್ತಿದ್ದಾಳೆ. ಈಗ ತಿರುಗಿ ಕೇಳುತ್ತಾಳೆ, ಹೊಸಾ ಕಾರ್ಡ್ ಹಾಕಿದ್ರೂ ಯಾಕ ಹಿಂಗಾತು ಅಂತ. ಅವಳ ಕೈಗಳು ಮಡಿಲಲ್ಲಿವೆ, ನೋಡು. ಗೊತ್ತಿಲ್ಲ ಅನ್ನು, ಇಲ್ಲವೇ ನಿದ್ದೆ ಬಂದವನ ಹಾಗೆ ಕಣ್ಣು ಮುಚ್ಚು. ಆ ಕೈಗಳ ಬಗ್ಗೆ ಮಾತ್ರ ಏನೂ ಹೇಳಬೇಡ.

ಮುಕ್ತವ್ವ
ಶಿವಲೀಲೆಯಿಂದ ಐದನೆಯವಳು